ವಾಲ್ವ್ ಮುಚ್ಚುವಷ್ಟರಲ್ಲಿ

ಪೆಟ್ರೋಲ್ ಸಾಗುವ ದೊಡ್ಡ ಕೊಳವೆಯ ವಾಲ್ವ್ ಕಾಯುವುದು ಅವನ ಕೆಲಸ. ಮನೆಗೆ ಬಂದರೆ ಅಂಗಿ, ತಲೆಗೂದಲು, ಉಗುರಿನ ಸಂದಿ ಎಲ್ಲವೂ ಪೆಟ್ರೋಲ್ ನಾತ. "ಬಂದ್ಲು ನೋಡು ನನ್ನ ಸವತಿ," ಎಂದು ಹೆಂಡತಿ ಮೂಗು ಮುಚ್ಚಿಕೊಂಡು ಅವನನ್ನು ಹಿತ್ತಿಲಿನಿಂದಲೇ ಬಚ್ಚಲಿಗೆ ಅಟ್ಟುತ್ತಿದ್ದಳು. ಮದುವೆಯಾದಾಗಿನಿಂದ ಇದೇ ಜಗಳ, ಇದೇ ನಗು.

ಆ ಬೆಳಿಗ್ಗೆ ಕೊಳವೆಯ ಒತ್ತಡ ದಿಢೀರನೆ ಕುಸಿಯಿತು. ಎಲ್ಲೋ ಒಡೆದಿದೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ತಾನಾಗಿ ಮುಚ್ಚಿಕೊಳ್ಳಬೇಕಿದ್ದ ವಾಲ್ವ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ವಾಲ್ವ್ ಕೇಂದ್ರದಲ್ಲಿ ಅವನೊಬ್ಬನೇ ಇದ್ದ. ಚಕ್ರಕ್ಕೆ ಕೈಹಾಕಿ, ಹಲ್ಲು ಕಚ್ಚಿ ತಿರುಗಿಸತೊಡಗಿದ. ಅರ್ಧ ತಿರುಗಿರಬೇಕು, ಕೋಣೆಯ ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನವರಿರಬೇಕೆಂದು ಓಡಿ ಎತ್ತಿದ. ಹೆಂಡತಿ.

"ಇನ್ನೂ ಅಲ್ಲೇ ಇದೀಯಾ? ಹಿತ್ತಿಲ ತುಂಬ ನಿನ್ನ ವಾಸನೆ. ಬಂದೇಬಿಟ್ಟೆ ಅಂತ ನೀರು ಕಾಯಿಸೋಕೆ ಹೊರಟಿದ್ದೆ."

ಕೊಳವೆ ಒಡೆದದ್ದು ಎಲ್ಲಿ ಎಂದು ಅವನಿಗೆ ಹೊಳೆಯಿತು. "ಒಲೆ ಹಚ್ಚಬೇಡ! ಸ್ವಿಚ್ಚೂ ಮುಟ್ಟಬೇಡ. ಮಗಳನ್ನ ಎತ್ಕೊಂಡು ದಿಬ್ಬದ ಕಡೆ ಓಡು."

"ಅಕ್ಕಪಕ್ಕದವರು?"

"ಮೊದಲು ನೀನು ಓಡೇ!"

ಫೋನು ಕುಕ್ಕಿದ ಸದ್ದಾಯಿತು. ಒಡೆದ ಜಾಗ ಯಾವುದೆಂದು ಕಂಟ್ರೋಲ್ ರೂಮಿಗೆ ಕೂಗಿ ಹೇಳಿದವನೇ ಗೇಟಿನವರೆಗೆ ಓಡಿದ. ಅಲ್ಲಿ ಕಾಲು ನಿಂತಿತು. ವಾಲ್ವ್ ಬಿಟ್ಟು ಹೋದರೆ ಅಷ್ಟೂ ಪೆಟ್ರೋಲ್ ಹರಿಯುವುದು ತನ್ನ ಬೀದಿಗೇ. ಅಳುತ್ತಲೇ ವಾಪಸು ಬಂದು ಚಕ್ರ ಹಿಡಿದ. ಮುಚ್ಚಿ ಮುಗಿಸುವಷ್ಟರಲ್ಲಿ ಮನೆಯ ದಿಕ್ಕಿನಲ್ಲಿ ಕಪ್ಪು ಹೊಗೆ ಎದ್ದಿತ್ತು.

ಮಗಳನ್ನು ದಿಬ್ಬದ ಮೇಲೆ ಯಾರದೋ ಕೈಗೆ ಕೊಟ್ಟು ಅವಳು ಮತ್ತೆ ಬೀದಿಗೆ ಇಳಿದಿದ್ದಳಂತೆ. ಮನೆಮನೆಯ ಬಾಗಿಲು ಬಡಿದು ಜನರನ್ನು ಹೊರಡಿಸಿದಳಂತೆ. ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಟೈಲರಜ್ಜನನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ ಪೆಟ್ರೋಲ್ ಹರಿಯುತ್ತಿದ್ದ ಚರಂಡಿ ಹೊತ್ತಿಕೊಂಡಿತು. ಇಬ್ಬರೂ ಉಳಿಯಲಿಲ್ಲ.

ಮೇಲಧಿಕಾರಿಗಳು ಬಂದು, "ನೀವು ಮುಚ್ಚದೇ ಇದ್ದಿದ್ರೆ ಅರ್ಧ ಊರೇ ಹೋಗ್ತಿತ್ತು," ಎಂದರು. ಆ ಮಾತು ಅವನ ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ತುಕ್ಕು ಹಿಡಿದ ಕೊಳವೆ ತೆಗೆದು ಹೊಸದು ಹಾಕಿದರು. ಅವನು ಕೆಲಸಕ್ಕೆ ಮರಳದೆ, ಮಗಳೊಂದಿಗೆ ಅಕ್ಕನ ಮನೆಯ ಮೂಲೆ ಹಿಡಿದ. ಅವಳು ನನ್ನ ಮಾತು ಯಾಕೆ ಕೇಳಲಿಲ್ಲ ಎಂಬ ಸಿಟ್ಟು ಅವನನ್ನು ಒಳಗೇ ತಿನ್ನುತ್ತಿತ್ತು. ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಎಂದು ಮತ್ತೆ ನಾಚಿಕೆ.

ಒಂದು ಮಧ್ಯಾಹ್ನ ಹಳೆಯ ಬೀದಿಯ ನೆರೆಯಾಕೆ ಬಂದಳು.

"ಅವತ್ತು ನಿಮ್ಮ ಹೆಂಡ್ತಿ ಬಾಗಿಲು ಬಡಿದಾಗ, ಒಗೆದ ಬಟ್ಟೆ ತಗೊಂಡು ಬರ್ತೀನಿ ಇರು ಅಂದೆ. ಬೈದು, ಜುಟ್ಟು ಹಿಡಿದು ಎಳ್ಕೊಂಡು ಹೋದ್ಲು."

"ಏನಂತ ಬೈದ್ಲು?"

ಆಕೆ ಸಂಕೋಚಪಟ್ಟಳು. "'ಲೇ ಕತ್ತೆ, ಬೆತ್ತಲೆ ಬದುಕಿದ್ರೂ ಪರವಾಗಿಲ್ಲ, ನಡೀ' ಅಂದ್ಲು."

ಅವನಿಗೆ ಫಕ್ಕನೆ ನಗು ಬಂತು. ಆ ನಗುವೇ ಒಡೆದು ಅಳುವಾಯಿತು. ಒಳಗಿನಿಂದ ಮಗಳು ಓಡಿಬಂದು ಅವನ ಮಡಿಲೇರಿದಳು.

"ಇನ್ನೊಂದ್ಸಲ ಹೇಳಿ," ಎಂದ, ಕಣ್ಣೊರೆಸಿಕೊಳ್ಳುತ್ತ. "ಇವಳೂ ಕೇಳಲಿ."