ಎಡಗಡೆಯ ಬಾಗಿಲು

ಮಸ್ತಾನಸಾಬ ಗೇಣು ಹಾಕಿ ನಾಗಣ್ಣನ ಬಲಮಂಡಿಯಿಂದ ಎಡಮಂಡಿಯವರೆಗೆ ಅಳೆದ. ಮೈ ಮುಟ್ಟಲಿಲ್ಲ, ಒಂದು ಬೆರಳು ಮೇಲೆಯೇ ಕೈ ಸರಿಸಿದ. ಮೂರು ಗೇಣು, ಮೇಲೆ ನಾಲ್ಕು ಬೆರಳು. ಎದ್ದು ಅಂಗಳಕ್ಕೆ ಬಂದು ಜೀಪಿನ ಎಡಗಡೆಯ ಬಾಗಿಲು ತೆರೆದು, ಆ ಸಂದಿಗೂ ಗೇಣು ಹಾಕಿದ. ಎರಡೂವರೆಯೂ ಬರಲಿಲ್ಲ.

"ಹಿಡ್ಯಾಂಗಿಲ್ಲೋ ಬಸವಕುಮಾರ," ಅಂದ. "ಮಂಡಿ ತಟ್ತಾವ."

ನಸುಕಿನಲ್ಲಿ ಜೀವ ಹೋದ ಕೂಡಲೇ ನಾಗಣ್ಣನನ್ನು ಗೋಡೆಗೆ ಆನಿಸಿ ಚಕ್ಕಳಬಕ್ಕಳ ಹಾಕಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಲಿಂಗಾಯತರ ಮನೆಯಲ್ಲಿ ಹೋದವರು ಮಣ್ಣಿಗೂ ಕೂತೇ ಹೋಗುತ್ತಾರೆ. ಈಗ ಹತ್ತು ಗಂಟೆ. ಮೈ ಹಾಗೆಯೇ ಸೆಟೆದಿತ್ತು, ಕಾಲು ಬಿಡಿಸುವ ಮಾತೇ ಇರಲಿಲ್ಲ. ಇದು ದೋರನಹಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ಅಲ್ಲಾ, ಒಂಬತ್ತು ವರ್ಷ ಕೂತು ಆ ಜೀಪಿಗೆ ಬಾಗಿಲು ಕಟ್ಟಿದ ಮನುಷ್ಯ, ತಾನೂ ಒಂದು ದಿನ ಹೀಗೆ ಕೂತು ಹೊರಡುವವನೇ ಎಂದು ಒಮ್ಮೆಯಾದರೂ ಯೋಚಿಸಬಾರದಿತ್ತೆ?

"ಅದಕ್ಕಾ ನಾ ಟ್ರ್ಯಾಕ್ಟರ್ ತರ್ತೀನಿ ಅಂದಿದ್ದು," ಬಸವಕುಮಾರ ಸಿಡುಕಿದ. ಅವನು ನಾಗಣ್ಣನ ಅಣ್ಣನ ಮಗ. ಮಕ್ಕಳಿಲ್ಲದ ಮನೆಗೆ ಇವತ್ತು ಅವನೇ ಮಗ. "ಟ್ರಾಲಿಯಾಗ ಹೂವಿನ ವಿಮಾನ ಕಟ್ಟಿ ಕೂಡಿಸಿದ್ರ ಮುಗೀತು. ಊರಾಗ ಎಲ್ಲಾರೂ ಹಂಗಾ ಹೋಗ್ಯಾರ. ಚಿಗವ್ವಾ, ನೀನರ ಹೇಳು."

ಅನ್ನಮ್ಮ ಗಂಡನ ಪಕ್ಕದಿಂದ ಏಳಲಿಲ್ಲ.

"ಜೀಪಿನ್ಯಾಗಾ ಹೋಗ್ಬೇಕು," ಅಂದಳು. "ಬ್ಯಾರೆ ಮಾತಿಲ್ಲ."

"ಹಿಂದ ಕೂಡಿಸೂಣಂದ್ರ ಕಬ್ಬಿಣದ ಹುಡ್ ಬೆಸದು ಇಟ್ಟಾನ, ತಲಿ ಬಡೀತದ. ಮುಂದ ಈ ಬಾಗಿಲ. ಹೆಂಗ ಹೋಗ್ಬೇಕು?"

"ಬಾಗಿಲ ಕೊಯ್ಯಬೇಕಾಗ್ತದ ಅಕ್ಕಾ," ಮಸ್ತಾನಸಾಬ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಹೇಳಿದ. ಶಹಾಪುರದಲ್ಲಿ ಅವನ ಗ್ಯಾರೇಜು; ಆ ಜೀಪಿನ ಒಂದೊಂದು ಬೋಲ್ಟಿನಲ್ಲೂ ಅವನ ಕೈ ಇತ್ತು. "ಬಾಗಿಲಷ್ಟಾ ಅಲ್ಲ, ಅದರ ಕಂಬಾನೂ. ಒಮ್ಮಿ ಕೊಯ್ದ್ರ ತಿರುಗಿ ಬೆಸಿಗಿ ಹಿಡ್ಯಾಂಗಿಲ್ಲ. ತಗಡು ತುಕ್ಕು ತಿಂದು ಹಾಳಿ ಹಂಗ ಆಗ್ಯಾದ."

*

ಮೂವತ್ತೆಂಟು ವರ್ಷದ ಹಿಂದೆ ಇದೇ ಜೀಪು ಇದೇ ಅಂಗಳದ ಮುಂದೆ ನಿಂತಿತ್ತು. ಆಗ ಅದಕ್ಕೆ ಬಾಗಿಲಿರಲಿಲ್ಲ, ತಾಡಪತ್ರಿಯ ಹೊದಿಕೆ ಮಾತ್ರ. ಭೀಮರಾಯನಗುಡಿ ನೀರಾವರಿ ಕ್ಯಾಂಪಿನ ಸರಕಾರಿ ಜೀಪು ಅದು, ನಾಗಣ್ಣ ಅದರ ಡ್ರೈವರ. ಸಾಹೇಬರನ್ನು ಕ್ಯಾನಲ್ ದಂಡೆಗುಂಟ ತಿರುಗಾಡಿಸುವುದು ಅವನ ಕೆಲಸ. ಎಡಗಡೆಯ ಸೀಟು ಸಾಹೇಬರದು. ಅದರಲ್ಲಿ ಅವನು ತನ್ನ ಬುತ್ತಿಗಂಟನ್ನೂ ಇಟ್ಟವನಲ್ಲ.

ಅವತ್ತು ಮಧ್ಯಾಹ್ನ ಉಣ್ಣಲು ಬಂದಿದ್ದ. ರೊಟ್ಟಿ ಬಡಿಯುತ್ತಿದ್ದ ಅನ್ನಮ್ಮನಿಗೆ ಒಲೆಯ ಮುಂದೆಯೇ ನೋವು ಶುರುವಾಯಿತು. ದಿನ ತುಂಬಿರಲಿಲ್ಲ.

"ಜೀಪ್ ತಿರುಗ್ಸೋ ನಾಗಣ್ಣ!" ಪಕ್ಕದ ಮನೆಯ ಮಲಕಮ್ಮ ಕೂಗಿಕೊಂಡಳು. "ಏನ್ ನೋಡ್ಕೋತ ನಿಂತಿ?"

"ಸರಕಾರಿ ಜೀಪದು ಯವ್ವಾ. ಮನಿ ಮಂದೀನ ಕೂಡಿಸಂಗಿಲ್ಲ. ಲಾಗ್ ಬುಕ್ಕಿನ್ಯಾಗ ಏನಂತ ಬರೀಲಿ?"

ಹಾಗೆಂದವನೇ ಎತ್ತಿನ ಗಾಡಿ ತರಲು ಓಡಿದ. ಖರೇನೇ ಓಡಿದ, ಚಪ್ಪಲಿ ಕೂಡ ಮೆಟ್ಟದೆ. ಗಾಡಿ ಶಹಾಪುರ ಮುಟ್ಟುವಷ್ಟರಲ್ಲಿ ಗಂಡುಕೂಸು ದಾರಿಯಲ್ಲೇ ಹುಟ್ಟಿ, ಅಳದೆಯೇ ಹೋಗಿತ್ತು. ಮುಂದೆ ಅನ್ನಮ್ಮನಿಗೆ ಬಸಿರು ನಿಲ್ಲಲಿಲ್ಲ. ಅದೇ ಸಂಜೆ ನಾಗಣ್ಣ ಜೀಪನ್ನು ಕ್ಯಾಂಪಿಗೆ ಮುಟ್ಟಿಸಿ, ಲಾಗ್ ಬುಕ್ಕಿನಲ್ಲಿ ಒಂದು ಮೈಲೂ ಹೆಚ್ಚುಕಡಿಮೆಯಾಗದಂತೆ ಬರೆದು ಬಂದ.

ಆ ಮಾತು ಗಂಡ ಹೆಂಡತಿಯ ನಡುವೆ ಮತ್ತೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಪಾತ್ರೆ ಪಗಡ ಎಸೆದು ಜಗಳಾಡಿದ್ದರೆ ಇನ್ನೂ ಚೆನ್ನಾಗಿತ್ತು. ಅನ್ನಮ್ಮ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕಿದಳು, ಅವನು ಹೊತ್ತಿಗೆ ಸರಿಯಾಗಿ ಉಂಡ.

*

ಕಟರ್ ಮಷೀನು ಬಂತು. ಅನ್ನಮ್ಮ ಎದ್ದು ಅಂಗಳಕ್ಕೆ ಬಂದಳು. ಒಂಬತ್ತು ವರ್ಷದಲ್ಲಿ ಅವಳು ಜೀಪಿನ ಈ ಮಗ್ಗುಲಿಗೆ ಬಂದದ್ದು ಇದೇ ಮೊದಲು.

ನಿವೃತ್ತಿಯಾದ ಮೇಲೆ ನಾಗಣ್ಣ ಅದನ್ನು ಹರಾಜಿನಲ್ಲಿ ಹಿಡಿದಾಗ ಅದಕ್ಕೆ ಗಾಲಿಗಳಿರಲಿಲ್ಲ, ಬಾನೆಟ್ಟಿನ ಒಳಗಿಂದ ಜಾಲಿ ಗಿಡ ಎದ್ದಿತ್ತು. ಜನ ನಕ್ಕರು. ಅವನು ಪೆನ್ಶನ್ನಿನಲ್ಲಿ ಉಳಿದಷ್ಟರಲ್ಲೇ ಒಂದೊಂದು ಸಾಮಾನು ಕೂಡಿಸಿದ. ನೆಲಕ್ಕೆ ಡಾಂಬರಿನ ಡ್ರಮ್ಮು ಸೀಳಿ ಬಡಿದ ತಗಡು. ಕಲಬುರಗಿ ಗುಜರಿಯಿಂದ, ಅಪಘಾತವಾದ ವ್ಯಾನಿನ ಪವರ್ ಸ್ಟೇರಿಂಗು. ಮುಂದಿನ ಗಾಲಿಗಳಿಗೆ ಇನ್ಯಾವುದೋ ಗಾಡಿಯ ಡಿಸ್ಕ್ ಬ್ರೇಕು. ಎಡಗಡೆಯ ಸೀಟಿನ ಮೆತ್ತೆ ಮಾತ್ರ ಸುರಪುರದಲ್ಲಿ ಮುಚ್ಚಿಹೋದ ಟಾಕೀಜಿನ ಕುರ್ಚಿಗಳದು. ಬಾಲ್ಕನಿಯವೇ ಬೇಕೆಂದು ಹಟ ಹಿಡಿದು ಆರಿಸಿ ತಂದಿದ್ದ.

ಅನ್ನಮ್ಮ ತೆರೆದ ಬಾಗಿಲನ್ನು ನೋಡಿದಳು. ಒಳಮಗ್ಗುಲಲ್ಲಿ ಒಂದು ಕಬ್ಬಿಣದ ಹಿಡಿಕೆ. ಅದಕ್ಕೆ ಹಸಿರು ಬಟ್ಟೆ ಬಿಗಿಯಾಗಿ ಸುತ್ತಿತ್ತು.

"ಇದು ನನ್ನ ಸೀರಿ ಅಂಚಲ್ಲ?" ಅಂದಳು. "ಇಲಿ ಕಡದಾವ ಅಂತ ತಿಳಕೊಂಡಿದ್ದೆ."

"ಬಿಸಲಿಗೆ ಕಬ್ಬಿಣ ಕಾಯ್ತದ, ಆಕಿ ಕೈ ಸುಟ್ಟಗೊಂಡಾಳು ಅಂದ," ಮಸ್ತಾನಸಾಬ ಮಷೀನಿನ ವಾಯರು ಬಿಡಿಸುತ್ತ ಹೇಳಿದ. "ಯಾದಗಿರಿ ಗುಜರಿಯಾಗ ಒಂದು ಮುರದ ಬಸ್ಸಿಂದ ಬಿಚ್ಚಿಸಿಕೊಂಡು ಬಂದಿದ್ದ. ನಾ ನನ್ನ ಅಳತಿಗಿ ಮ್ಯಾಲ ಕೂಡಿಸಿದ್ನಿ. ಬ್ಯಾಡ ತೆಗಿ, ಆಕಿ ನನ್ನ ಭುಜಕ್ಕ ಬರ್ತಾಳ, ನಾಕು ಬಟ್ಟು ಕೆಳಗ ಇಳಸು ಅಂದ. ಎರಡು ಸಲ ಬೆಸಿಗಿ ಬಿಚ್ಚಿ ಹಾಕೀನಿ ಅಕ್ಕಾ. ಬೈಕೋತ ಹಾಕೀನಿ."

"ನನಗ ಹೇಳಬೇಕಿತ್ತಲ್ಲ ಆತ."

"ಆತ ಹೇಳಾಂವಾ?"

ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಒಳಗಿಂದ ಕೂಗಿದರು. "ಹೊತ್ತ ಏರಾಕತ್ತದ್ರಿ. ಏನರ ಒಂದು ನಿಕ್ಕಿ ಮಾಡ್ರಿ."

"ಚಿಗವ್ವಾ, ಇನ್ನೂ ಟೈಮ್ ಅದ," ಬಸವಕುಮಾರನ ದನಿ ಈಗ ಮೆತ್ತಗಾಗಿತ್ತು. "ಟ್ರ್ಯಾಕ್ಟರ್ ನಿಂತದ. ಬಾಗಿಲ ಯಾಕ ಹಾಳ ಮಾಡ್ತಿ?"

ಅನ್ನಮ್ಮನ ಕೈ ಹಿಡಿಕೆಯ ಹತ್ತಿರ ಹೋಗಿ, ಮುಟ್ಟದೆ ಹಿಂದೆ ಬಂತು.

"ಆತನ್ನ ಒಳಗ ಬಿಡಲಾರದ ಬಾಗಿಲ ಇಟ್ಟಕೊಂಡು ನಾ ಏನ್ ಮಾಡ್ಲೋ ತಮ್ಮಾ," ಅಂದಳು. "ಮಸ್ತಾನಸಾಬ, ಕೊಯ್ಯಿ."

ಕಿಡಿ ಹಾರಿ ಅಂಗಳದ ಹೆಣ್ಣುಮಕ್ಕಳು ಸೆರಗು ಮುಚ್ಚಿಕೊಂಡರು. ಬಾಗಿಲು ಕಂಬದ ಸಮೇತ ಬಿತ್ತು. ಯಾರೋ ಅದನ್ನು ಎಳೆದು ಬೇವಿನ ಗಿಡಕ್ಕೆ ಆನಿಸಿದರು. ಮಸ್ತಾನಸಾಬ ತೋಳಿನಿಂದ ಮುಖ ಒರೆಸಿಕೊಂಡ. ಮಸಿ ಇನ್ನಷ್ಟು ಹರಡಿತು.

*

ಈ ವರ್ಷದ ಯುಗಾದಿಯ ಬೆಳಿಗ್ಗೆ ನಾಗಣ್ಣ ಜೀಪು ತೊಳೆದು, ಬಾನೆಟ್ಟಿಗೆ ವಿಭೂತಿ ಹಚ್ಚಿ, ಇಂಜಿನ್ ಚಾಲೂ ಮಾಡಿದ. ಒಂದೇ ಕೀಲಿಗೆ ಹೊತ್ತಿಕೊಂಡಿತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೊಸ ಅಂಗಿ ಹಾಕಿದ್ದ.

"ಬಾ, ಕೂಡು," ಅಂದ. "ಕ್ಯಾನಲ್ ದಂಡಿ ತನಾ ಹೋಗಿ ಬರೂಣು."

ಹೋಳಿಗೆ ಲಟ್ಟಿಸುತ್ತಿದ್ದ ಅನ್ನಮ್ಮ ತಲೆ ಎತ್ತಲಿಲ್ಲ. ಮೂವತ್ತೆಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಅವತ್ತು ಹಬ್ಬದ ದಿನ ಹೊರಗೆ ಬಿತ್ತು.

"ಈಗ್ಯಾಕ? ಈಗ ನನಗ ಯಾವ ಬ್ಯಾನಿ ಬಂದಾವ?"

ಅವನು ಅಂಗಳಕ್ಕೆ ಹೋದ. ಇಂಜಿನ್ ಬಂದ್ ಆಯಿತು. ಅವಳು ಕಿಟಕಿಯಿಂದ ನೋಡಿದಳು: ಧೂಳೇ ಇಲ್ಲದ ಎಡಗಡೆಯ ಸೀಟನ್ನು ಒರೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಒಳಗೆ ಸಿಕ್ಕಿಸುತ್ತಿದ್ದ.

ಇನ್ನೊಮ್ಮೆ ಕರೆದರೆ ಹೋಗಿಬಿಡಬೇಕು ಎಂದು ಆ ಮಧ್ಯಾಹ್ನವೇ ಅವಳು ನಿಶ್ಚಯ ಮಾಡಿದ್ದಳು. ಒಳ್ಳೆಯ ಸೀರೆಯೊಂದನ್ನು ತೆಗೆದು ಮೇಲೆಯೇ ಇಟ್ಟುಕೊಂಡಳು. ಮೂರು ತಿಂಗಳು ಕಾದಳು. ತಾನಾಗಿ ಹೇಳಲು ಬಾಯಿ ಬರಲಿಲ್ಲ. ಅವನು ಮತ್ತೆ ಕರೆಯಲಿಲ್ಲ.

*

ನಾಲ್ಕು ಮಂದಿ ಎತ್ತಿ ನಾಗಣ್ಣನನ್ನು ಎಡಗಡೆಯ ಸೀಟಿನಲ್ಲಿ ಕೂಡಿಸಿದರು. ಒಂದು ಮಂಡಿ ಬಾಗಿಲಿದ್ದ ಜಾಗದಿಂದ ಹೊರಗೆ ಚಾಚಿತ್ತು. ಬಸವಕುಮಾರ ಪಕ್ಕದ ಹಲಗೆಯ ಮೇಲೆ ನಿಂತು ಹೆಗಲಿಗೆ ಕೈಹಾಕಿ ಹಿಡಿದ. ಮಸ್ತಾನಸಾಬ ಸ್ಟೇರಿಂಗಿಗೆ ಕೂತ. ಭಜನೆಯವರು ಮುಂದೆ, ಹೆಂಗಸರು ಹಿಂದೆ ಟ್ರಾಲಿಯಲ್ಲಿ. ಜೀಪಿನ ಕಾಗದಪತ್ರ ಯಾವಾಗಲೋ ಮುಗಿದುಹೋಗಿದ್ದರಿಂದ ಡಾಂಬರು ರಸ್ತೆ ಬಿಟ್ಟು ಕ್ಯಾನಲ್ ದಂಡೆ ಹಿಡಿದರು. ಅನ್ನಮ್ಮ ಟ್ರಾಲಿಯಿಂದ ದಾರಿಯುದ್ದಕ್ಕೂ ಆ ಮಂಡಿಯನ್ನೇ ನೋಡುತ್ತಿದ್ದಳು. ತನಗೆಂದು ಮಾಡಿದ ಸೀಟಿನಲ್ಲಿ ಮೊದಲು ಆತನೇ ಕೂತನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ, ಆಗ ಅಳು ಬಂತು. ವಯಸ್ಸಾದ ಮಲಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು.

ಹೊಲದಲ್ಲಿ ಕುಣಿ ತಯಾರಿತ್ತು. ಕೂತಂತೆಯೇ ಇಳಿಸಿ, ವಿಭೂತಿ ಉಂಡೆಗಳನ್ನು ಹಾಕಿ, ಬಿಲ್ವಪತ್ರಿ ತುಂಬಿ, ಮಣ್ಣು ಎಳೆದರು. ಮಧ್ಯಾಹ್ನ ತಿರುಗುವುದರೊಳಗೆ ಎಲ್ಲ ಮುಗಿಯಿತು.

"ಬಸಲಿಂಗಗ ಫೋನ್ ಮಾಡೀನಿ," ಕೈಕಾಲು ತೊಳೆಯುತ್ತ ಬಸವಕುಮಾರ ಹೇಳಿದ. "ಗುಜರಿಯಾಂವ. ಬೇಸ್ತವಾರ ಬಂದು ಜೀಪ್ ಒಯ್ತಾನಂತ. ಬಾಗಿಲೂ ಇಲ್ಲ, ಕಾಗದಾನೂ ಇಲ್ಲ, ಇನ್ನ ಯಾರು ನಡಸ್ತಾರ ಚಿಗವ್ವಾ?"

ಅನ್ನಮ್ಮನೂ ಬಗ್ಗಿ ಕಾಲಿನ ಮಣ್ಣು ತೊಳೆದುಕೊಂಡಳು. ಜನ ಟ್ರಾಲಿ ಹತ್ತಿದರು. ಮಸ್ತಾನಸಾಬ ಜೀಪು ಚಾಲೂ ಮಾಡಿಕೊಂಡು ಅವಳ ಹತ್ತಿರ ತಂದು ನಿಲ್ಲಿಸಿದ.

"ಬಾ ಅಕ್ಕಾ. ಕೂಡು."

ಸೀಟಿನ ಮೇಲೆ ವಿಭೂತಿಯ ಪುಡಿ, ನಾಲ್ಕು ಚೆಂಡು ಹೂವಿನ ಎಸಳು ಬಿದ್ದಿದ್ದವು. ಅವಳು ಅವನ್ನು ಜಾಡಿಸದೆ ಹಾಗೆಯೇ ಹತ್ತಿ ಕೂತಳು. ಮೆತ್ತೆ ಮೆತ್ತಗಿತ್ತು. ಕಾಲು ನೆಲಕ್ಕೆ ಸರಿಯಾಗಿ ಮುಟ್ಟಿತು, ಬೆನ್ನು ಸರಿಯಾಗಿ ಆನಿತು. ಎಡಗಡೆ ಬರೀ ಬಯಲು. ಕ್ಯಾನಲ್ಲಿನ ನೀರು, ಅದರಾಚೆ ಹತ್ತಿಯ ಹೊಲ.

"ಮುಂದ ತೆಗ್ಗು ಅದ, ಹಿಡಕೊಂಡು ಕೂಡು," ಮಸ್ತಾನಸಾಬ ಯಾವ ಡ್ರೈವರನಾದರೂ ಹೇಳುವಂತೆ ಹೇಳಿದ. ಹೇಳಿ ನಾಲಿಗೆ ಕಚ್ಚಿಕೊಂಡ.

ಗಾಲಿ ತಗ್ಗಿಗೆ ಇಳಿಯಿತು. ಅನ್ನಮ್ಮನ ಎಡಗೈ ತಾನಾಗಿಯೇ ಮೇಲೆದ್ದು ಪಕ್ಕಕ್ಕೆ ಚಾಚಿ, ಬಸ್ಸಿನ ಹಿಡಿಕೆ ಇದ್ದ ಎತ್ತರಕ್ಕೆ, ಬೆರಳಷ್ಟೂ ಹೆಚ್ಚುಕಡಿಮೆಯಿಲ್ಲದೆ, ಗಾಳಿಯಲ್ಲಿ ಮುಷ್ಟಿ ಮುಚ್ಚಿತು.