ಬೊಗಳುವ ತಂತಿ

ಮಸ್ಕಿಯ ಬಸ್ ನಿಲ್ದಾಣದ ಎದುರು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಉಸ್ಮಾನ್‌ಸಾಬ್ 1988ರ ದೀಪಾವಳಿಯ ನಂತರ ಕರಿಬಸಪ್ಪನ ಹತ್ತಿ ಹೊಲಕ್ಕೆ ಬೇಲಿ ಕಟ್ಟಿಕೊಟ್ಟ. ಹೊಲದ ಸುತ್ತ, ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ, ಜಾಲಿ ಗೂಟಗಳ ಮೇಲೆ ಒಂದೇ ಎಳೆ ಸಣ್ಣ ತಂತಿ. ಅದು ಗೂಟಕ್ಕೆ ತಾಗದಂತೆ ಸೈಕಲ್ ಟ್ಯೂಬಿನ ತುಂಡುಗಳು. ತಂತಿಯ ಎರಡೂ ತುದಿ ಪಂಪ್‌ಸೆಟ್ ಕೋಣೆಯ ಒಂದು ಡಬ್ಬಿಗೆ ಸೇರಿದ್ದವು. ಡಬ್ಬಿಯಲ್ಲಿ ಹಳೆಯ ಸ್ಕೂಟರ್ ಬ್ಯಾಟರಿ, ಟೆಲಿಫೋನಿನಿಂದ ಕಿತ್ತ ರಿಲೇ, ಒಂದು ಗಂಟೆ. ಹತ್ತಿ ಕಳ್ಳರು ನುಗ್ಗಿ ತಂತಿ ಎಲ್ಲಿ ಹರಿದರೂ ಗಂಟೆ ಬಡಿದುಕೊಳ್ಳುತ್ತಿತ್ತು.

ತೊಡಕು ಒಂದೇ. ಹೊಲದ ಮೂಲೆಯಲ್ಲಿದ್ದ ಕಾಲುದಾರಿಯಲ್ಲಿ ಯಮನೂರಮ್ಮ ದಿನಾ ಹಳ್ಳಕ್ಕೆ ಆಡು ಹೊಡೆದುಕೊಂಡು ಹೋಗುತ್ತಿದ್ದಳು. ದಾರಿಗೆ ಅಡ್ಡಲಾದ ತಂತಿಗೆ ಕೊಂಬು ಸಿಕ್ಕರೆ ಅದು ಹರಿಯುತ್ತಿತ್ತು.

"ಕೈಲೆ ಎತ್ತಿ ಹಿಡಿ ಯಕ್ಕಾ, ಆಡು ಕೆಳಗ ಹಾದು ಹೋಗಲಿ," ಎಂದ ಉಸ್ಮಾನ್‌ಸಾಬ್.

"ಶಾಕ್ ಹೊಡದ್ರ?"

"ಹೊಡೆಯಂಗಿಲ್ಲ. ಇದು ಕಚ್ಚೋ ನಾಯಿ ಅಲ್ಲ, ಬರೇ ಬೊಗಳತೈತಿ."

"ಮೊದಲ ನೀ ಹಿಡಿ ನೋಡೂಣು."

ಅವನು ಹಿಡಿದ. ಅವಳೂ ಹಿಡಿದಳು. "ನಮ್ಮ ಮನಿಯವನಂಗ ಐತಿ ಬಿಡು," ಎಂದು ನಕ್ಕಳು. ಅಂದಿನಿಂದ ತಂತಿ ಎತ್ತಿ ಆಡು ದಾಟಿಸುವುದು ಅವಳಿಗೆ ರೂಢಿಯಾಯಿತು.

ಜನವರಿಯಲ್ಲಿ ಎಳ್ಳಮವಾಸ್ಯೆ. ಅಂದು ಭೂತಾಯಿಗೆ ಎಡೆಯಾಗಿ ಹೊಲದ ಸುತ್ತ ಚರಗದ ಅನ್ನ ಚೆಲ್ಲಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದು ಉಣ್ಣಿಸುವುದು ವಾಡಿಕೆ. ಊಟಕ್ಕೆ ಬಂದ ಉಸ್ಮಾನ್‌ಸಾಬ್ ಸೈಕಲ್ ಒರಗಿಸಲು ಪಂಪ್‌ಸೆಟ್ ಕೋಣೆಗೆ ಹೋದ. ಅವನ ಡಬ್ಬಿ ಮೂಲೆಯಲ್ಲಿ ಬಿದ್ದಿತ್ತು. ಬೇಲಿಯ ತಂತಿಗೆ ಮೋಟಾರಿನ ಲೈನಿನಿಂದ ದಪ್ಪ ಕರಿ ವೈರ್ ಎಳೆದು ಸುತ್ತಿದ್ದರು.

"ಸಾವ್ಕಾರ್ರ, ಇದನ್ನ ಯಾರು ಕಟ್ಟ್ಯಾರ?"

"ನಾನ," ಎಂದ ಹಿಂದೆಯೇ ಬಂದ ಕರಿಬಸಪ್ಪ. "ನಿನ್ನ ಗಂಟಿ ಬಡಕೊಂಡು ನಾ ಎದ್ದು ಬರೂದ್ರಾಗ ಕಳ್ಳ ಮಸ್ಕಿ ಮುಟ್ಟಿರ್ತಾನ. ಅದಕ್ಕ ಮೊನ್ನಿ ಕರೆಂಟ್ ಕೊಟ್ಟೆ."

"ಜನ ಸಾಯ್ತಾರ‍್ರೀ!"

"ಹೇ, ನಮ್ಮ ಲೈನಿಗೆ ಹಗಲಿ ಕರೆಂಟ್ ಎಲ್ಲೈತೋ ಸಾಬಾ? ರಾತ್ರಿ ಪಾಳಿ ಅಲ್ಲೇನು? ಅದಕ್ಕ ನಾ ತೆಗಿಯೂದ ಇಲ್ಲ."

ಉಸ್ಮಾನ್‌ಸಾಬ್ ಕರಿಬಸಪ್ಪನ ತಲೆಯ ಮೇಲೆ ಬೆರಳು ತೋರಿಸಿದ. ಅಲ್ಲಿ ಬಲ್ಬು ಉರಿಯುತ್ತಿತ್ತು. ಅಂದು ಪಾಳಿ ಬದಲಾಗಿತ್ತು.

ಹೊರಗೆ ಒಂದು ಆಡು ಅರಚಿತು. ಆ ಕೂಗು ನಡುವೆಯೇ ನಿಂತಿತು.

ಬಾಗಿಲಿನಿಂದ ಕಾಲುದಾರಿಯ ಮೂಲೆ ಕಾಣುತ್ತಿತ್ತು. ಯಮನೂರಮ್ಮನ ಹಿಂಡಿನಲ್ಲಿ ಮುಂದಿದ್ದ ಆಡು ತಂತಿಯ ಕೆಳಗೆ ಕಾಲು ಸೆಟೆದು ಬಿದ್ದಿತ್ತು. ಬೇಲಿಯ ಒಳಗೆ ಕರಿಬಸಪ್ಪನ ಹೆಂಡತಿ ಕಸ್ತೂರೆಮ್ಮ ಚರಗದ ಬುಟ್ಟಿ ಹಿಡಿದು ನಿಂತಿದ್ದಳು. ಹೊರಗಿನಿಂದ ಯಮನೂರಮ್ಮ ಓಡಿ ಬಂದು, ಆಡಿನ ಕೊಂಬಿನಿಂದ ತಂತಿ ಬಿಡಿಸಲು ಎರಡೂ ಕೈ ಚಾಚಿ ಬಗ್ಗಿದಳು.

"ಮುಟ್ಟಬ್ಯಾಡ!" ಎಂದು ಕೂಗುತ್ತಲೇ ಉಸ್ಮಾನ್‌ಸಾಬ್ ಗೋಡೆಯ ಪೆಟ್ಟಿಗೆಗೆ ಹಾರಿ ಫ್ಯೂಸ್ ಕಿತ್ತ. ಬಲ್ಬು ಆರಿತು.

ತಿರುಗಿ ನೋಡಿದಾಗ ತಂತಿ ಅವಳ ಎರಡೂ ಕೈಯಲ್ಲಿತ್ತು. ಅವಳು ಅಲುಗಾಡಲಿಲ್ಲ. ಮೊದಲು ಹಿಡಿದಳೋ, ಮೊದಲು ಕರೆಂಟ್ ಹೋಯಿತೋ ಅವನಿಗೆ ತಿಳಿಯಲಿಲ್ಲ.

"ಸಾಬಣ್ಣಾ," ಎಂದು ಅವಳು ಕರೆದಳು, "ಆಡು ಏಳವಲ್ಲದು ನೋಡೋ. ಏನಾತಿದಕ?"

ಅವನು ಫ್ಯೂಸ್ ಹಿಡಿದುಕೊಂಡೇ ಅವಳ ಬಳಿಗೆ ಹೋಗಿ, ಏನಾಗಿತ್ತೆಂದು ಹೇಳಿದ. ಅವಳು ತಂತಿ ಬಿಟ್ಟು ಅಂಗೈ ನೋಡಿಕೊಂಡಳು. ಕಸ್ತೂರೆಮ್ಮನ ಬುಟ್ಟಿ ಜಾರಿ ಬಿತ್ತು. ಅವಳ ಸೀರೆಯ ಸೆರಗು ತಂತಿಗೆ ಗೇಣು ದೂರದಲ್ಲಿತ್ತು.

"ಕಚ್ಚಂಗಿಲ್ಲ ಅಂದಿದ್ದಿ," ಎಂದಳು ಯಮನೂರಮ್ಮ.

"ಅಂದಿದ್ದೆ ಯಕ್ಕಾ."

ಆ ಮೂಲೆಯ ತಂತಿಯನ್ನು ಉಸ್ಮಾನ್‌ಸಾಬ್ ಇಕ್ಕಳದಿಂದ ಕತ್ತರಿಸಿ, ಗೂಟಗಳನ್ನೂ ಕಿತ್ತು ಎಸೆದ. ದಾರಿ ಬಯಲಾಯಿತು. ಉಳಿದ ಆಡುಗಳು ತಾವಾಗಿಯೇ ದಾಟತೊಡಗಿದವು. ಯಮನೂರಮ್ಮ ರೂಢಿಯಂತೆ ಬಗ್ಗಿ, ಏನೂ ಇಲ್ಲದಲ್ಲಿ ಕೈ ಚಾಚಿದಳು. ತಟ್ಟನೆ ಆ ಕೈಯನ್ನು ಎದೆಗೆ ಎಳೆದುಕೊಂಡು, ದಾಟಿದ ಆಡುಗಳನ್ನೂ ಹಿಂದಕ್ಕೆ ಕರೆದು, ಮಸ್ಕಿ ರಸ್ತೆ ಹಿಡಿದು ಸುತ್ತುಹಾಕಿ ಹೊರಟಳು.