ಓವರ್‌ಸಿಯರ್ ಗೋಡೆ ನೋಡಿದ್ದು

ಕಟ್ಟಡದ ತಪಾಸಣೆ ಹೇಗೆ ನಡೆಯುತ್ತದೆಂದು ನನ್ನನ್ನು ಕೇಳಿ. ಪಾಯ ಹಾಕಿದಾಗ ಒಮ್ಮೆ, ಗೋಡೆ ಕಿಟಕಿ ಮಟ್ಟಕ್ಕೆ ಬಂದಾಗ ಒಮ್ಮೆ, ಹಂಚು ಹೊದಿಸುವ ಮುಂಚೆ ಒಮ್ಮೆ ಶಿಕಾರಿಪುರದಿಂದ ಓವರ್‌ಸಿಯರ್ ನಮ್ಮ ಸೊರಬಕ್ಕೆ ಬರಬೇಕು, ನೋಡಬೇಕು, ಸೈ ಹಾಕಬೇಕು. ಸೈ ಬಿದ್ದರೆ ಮುಂದಿನ ಕೆಲಸ, ಇಲ್ಲವಾದರೆ ಇದ್ದಲ್ಲೇ ನಿಲ್ಲಬೇಕು. ಕಾಯಿದೆ ಮಾಡಿದವನು ಬುದ್ಧಿವಂತನೇ. ಆದರೆ ಬಸ್ ನಿಲ್ದಾಣಕ್ಕೂ ಕಟ್ಟಡಕ್ಕೂ ನಡುವೆ ಒಂದು ಹೋಟೆಲು ಇರುತ್ತದೆಂದು ಪಾಪ, ಅವನಿಗೆ ಹೊಳೆಯಲಿಲ್ಲ.

ನಮ್ಮ ಓವರ್‌ಸಿಯರ್ ಶಾಂತವೀರಪ್ಪನವರು ಆ ಹೋಟೆಲು ದಾಟಿ ಮುಂದೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಂಟ್ರಾಕ್ಟರ್ ಹುಚ್ಚರಾಯಪ್ಪ ಬಸ್ಸಿನ ಬಾಗಿಲಲ್ಲೇ ಕಾದಿದ್ದು, ಅವರ ಕೊಡೆಯನ್ನು ತಾನು ಹಿಡಿದು, ಒಳಗೆ ಕರೆದೊಯ್ದು ಕೂರಿಸುತ್ತಿದ್ದ.

"ಪಾಯ ಆಳ ಐತೇನ್ರಿ?"

"ಐತ್ರಿ ಸಾಹೇಬ್ರೆ."

"ಗಾರೆ ಗಟ್ಟಿ ಐತೇನ್ರಿ?"

"ಕಲ್ಲಾಗೈತ್ರಿ."

ತಪಾಸಣೆ ಮುಗಿಯಿತು. ದೋಸೆಯನ್ನು ಮಾತ್ರ ಅವರು ಮಗುಚಿ ನೋಡಿಯೇ ತಿನ್ನುತ್ತಿದ್ದರು.

ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ನನ್ನ ಅತ್ತಿಗೆ ರಾಜೇಶ್ವರಮ್ಮ ಊರಿನ ಮಹಿಳಾ ಸಮಾಜಕ್ಕೆ ಅಧ್ಯಕ್ಷೆ. ಅಣ್ಣ ತೀರಿದ ಮೇಲೆ ಅವರ ಹಿಂದೆ ಚೀಲ ಹಿಡಿದು ಓಡಾಡುವುದೇ ನನ್ನ ಉದ್ಯೋಗವಾಗಿತ್ತು. ಕುಪ್ಪಗಡ್ಡೆ ಕಡೆಯ ಬಸುರಿಯೊಬ್ಬಳು ಸಾಗರದ ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲಿ ಪ್ರಾಣ ಬಿಟ್ಟಳೆಂದು ತಿಳಿದ ದಿನ ಅತ್ತಿಗೆ ಊಟ ಮಾಡಲಿಲ್ಲ. ಮರುದಿನವೇ ವಂತಿಗೆ ಎತ್ತಲು ಹೊರಟರು. ಸರ್ಕಾರವೂ ಒಂದಿಷ್ಟು ಕೊಟ್ಟಿತು. ಸೊರಬದಲ್ಲೇ ಒಂದು ಹೆರಿಗೆ ಕೋಣೆ ಏಳತೊಡಗಿತು.

ಹೊಸ ಗೋಡೆಗೆ ದಿನಾ ನೀರು ಹಾಕಬೇಕೆಂಬುದು ಮಕ್ಕಳಿಗೂ ಗೊತ್ತು. ನಮ್ಮ ಗೋಡೆ ಮಾತ್ರ ಒಣಗಿಕೊಂಡು ನಿಂತಿತ್ತು. ಒಂದು ಬೆಳಿಗ್ಗೆ ಅತ್ತಿಗೆ ತಾವೇ ಕೊಡ ತಂದು ನೀರು ಹೊಯ್ದರು. ಗೋಡೆಯಿಂದ ಕೆಂಪು ರಾಡಿ ಇಳಿಯಿತು. ಕಲ್ಲಿನ ಸಂದಿಗೆ ಬೆರಳಿಟ್ಟರೆ ಬೆರಳು ಒಳಗೇ ಹೋಯಿತು. ಸುಣ್ಣದ ಗಾರೆ ಇರಬೇಕಾದಲ್ಲಿ ಹುಚ್ಚರಾಯಪ್ಪ ಬರೀ ಕೆರೆಮಣ್ಣು ಮೆತ್ತಿದ್ದ. ಅಷ್ಟು ಹೊತ್ತಿಗೆ ಬಂದ ಅವನು, "ಎಂತ ಕೆಲಸ ಮಾಡಿದ್ರಿ ಅಮ್ಮಾ! ನೀರು ಹಾಕಿ ಒಳ್ಳೇ ಗೋಡೆ ಕೆಡಿಸಿದ್ರಲ್ಲ!" ಎಂದು ಅವರ ಮೇಲೇ ಎಗರಾಡಿದ. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಕೊಡ ಕೆಳಗಿಟ್ಟು, "ಹೂವಪ್ಪ, ಶಿಕಾರಿಪುರದ ಬಸ್ಸು ಹಿಡಿಯನ ನಡಿ" ಎಂದರು.

ಕಚೇರಿಯಲ್ಲಿ ಶಾಂತವೀರಪ್ಪನವರು ನಮ್ಮ ಮಾತು ಕೇಳಿ ನಕ್ಕುಬಿಟ್ಟರು. "ಬರಬ್ಯಾಡ್ರಿ ಅಂತ ಕೈ ಮುಗಿಯೋರನ್ನ ಕಂಡೀನಿ. ಬಂದು ನೋಡ್ರಿ ಅನ್ನೋರು ನೀವೇ ಮೊದಲು. ಅಮ್ಮಾರೆ, ಆ ಗೋಡೆಗೆ ಸೈ ಆಗೈತಿ. ಸೈ ಆದ ಗೋಡೆ ಬೀಳಂಗಿಲ್ರಿ."

ಬೀಳುವುದಕ್ಕೂ ತಮ್ಮ ಅಪ್ಪಣೆ ಬೇಕೇನೋ ಎಂದು ಕೇಳಬೇಕೆನಿಸಿತು. ಅತ್ತಿಗೆ ನನ್ನ ತೋಳು ಹಿಡಿದು ಎಬ್ಬಿಸಿಕೊಂಡು ಬಂದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾಯಾರಿಕೆಯೆಂದು ಅತ್ತಿಗೆ ಪಕ್ಕದ ಬೀದಿಯಲ್ಲಿದ್ದ ಓವರ್‌ಸಿಯರ್ ಮನೆಗೇ ನಡೆದರು. ನೀರು ತಂದುಕೊಟ್ಟವಳು ಅವರ ಹೆಂಡತಿ ನಿರ್ಮಲಮ್ಮ, ತುಂಬು ಬಸುರಿಯಲ್ಲದಿದ್ದರೂ ಹೊಟ್ಟೆ ಕಾಣುತ್ತಿತ್ತು.

"ಚೊಚ್ಚಲ ಏನವ್ವ? ತವರು ಯಾವೂರು?"

"ತವರಾಗೆ ಯಾರೂ ಇಲ್ರಿ. ಅವ್ವ ಹೋಗಿ ಐದು ವರ್ಷಾತು. ಬಾಣಂತನ ಯಾರು ಮಾಡ್ತಾರೋ, ಅದೇ ಚಿಂತಿ ಆಗೈತ್ರಿ" ಎಂದು ಹುಡುಗಿ ಗೋಡೆಗೆ ಒರಗಿ ನಿಂತಳು.

ಅತ್ತಿಗೆ ಅವಳನ್ನು ಕೈ ಹಿಡಿದು ಕೂರಿಸಿದರು. ಆಮೇಲೆ ನನ್ನನ್ನು ಅಂಗಡಿಗೆ ಓಡಿಸಿ ರವಿಕೆ ಕಣ, ಕಾಯಿ, ಎಲೆ ಅಡಿಕೆ ತರಿಸಿ, ಅವಳಿಗೆ ಅರಿಶಿನ ಕುಂಕುಮ ಕೊಟ್ಟು ಉಡಿ ತುಂಬಿದರು. "ಸೊರಬಕ್ಕೆ ಬಾ ಮಗಳೇ. ನಮ್ಮನೆಯೇ ನಿನ್ನ ತವರು. ಹೊಸ ಹೆರಿಗೆ ಕೋಣೆಲಿ ಮೊದಲ ಹೆರಿಗೆ ನಿಂದೇ ಆಗ್ಲಿ. ನಿನ್ನ ಯಜಮಾನರೇ ಗಟ್ಟಿ ಐತೆ ಅಂತ ಸೈ ಹಾಕಿದ ಕಟ್ಟಡ ಅದು." ನಿರ್ಮಲಮ್ಮ ಅವರ ಕೈ ಹಿಡಿದುಕೊಂಡು ಅತ್ತಳು.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಲ್ಲ ಅತ್ತಿಗೆ, ಆ ಗೋಡೆ ಕೆಳಗೆ ಆ ಹುಡುಗೀನ ಮಲಗಿಸ್ತೀರಾ?"

"ಅದು ಬೀಳದೆ ಅವಳನ್ನ ಒಳಗೆ ಬಿಡ್ತೀನೇನೋ?" ಎಂದು ಗದರಿದರು. ಶಿರಾಳಕೊಪ್ಪ ದಾಟಿದ ಮೇಲೆ ಕಣ್ಣೊರೆಸಿಕೊಂಡು, "ಉಪಾಯಕ್ಕೆ ಅಂತ ಶುರು ಮಾಡ್ದೆ ಮಾರಾಯ. ಈಗ ಅವಳು ನಿಜವಾಗ್ಲೂ ನನ್ನ ಮಗಳಾದ್ಲು" ಎಂದರು.

ಮರುದಿನ ಮೊದಲ ಬಸ್ಸಿಗೇ ಓವರ್‌ಸಿಯರ್ ಬಂದಿಳಿದರು. ಹೋಟೆಲಿನ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಸುದ್ದಿ ತಿಳಿದು ಹುಚ್ಚರಾಯಪ್ಪ ಏದುಸಿರು ಬಿಡುತ್ತ ಓಡಿ ಬರುವ ಹೊತ್ತಿಗೆ ಅವರು ತೂಗುಗುಂಡು ಇಳಿಬಿಟ್ಟು, ಚಾಕುವಿನಿಂದ ಗೋಡೆ ಕೆರೆದು, ಮಣ್ಣನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು. ಹಣೆಯಲ್ಲಿ ಬೆವರು.

"ಕೆಡವ್ರಿ ಪೂರಾ!"

"ನೀವೇ ಸೈ ಹಾಕಿದ ಗೋಡೆ ಅಲ್ವೇನ್ರಿ ಸಾಹೇಬ್ರೆ?"

"ಅವಾಗ ಅದು ಸರ್ಕಾರದ ಗೋಡೆ ಆಗಿತ್ತು. ಈಗ ನನ್ನ ಹೆಂಡ್ತಿ ಮಲಗೋ ಕೋಣೆ!"

ಗೋಡೆ ಬಿತ್ತು, ಅದೂ ನಾಲ್ಕು ಹಾರೆಯ ಪೆಟ್ಟಿಗೆ. ಸುಣ್ಣದ ಗಾರೆಯಲ್ಲಿ ಮತ್ತೆ ಎದ್ದಿತು. ಶಾಂತವೀರಪ್ಪನವರು ವಾರವಾರವೂ ಬಂದು ಕಲ್ಲು ಕಲ್ಲನ್ನೂ ಬಡಿದು ನೋಡಿದರು. ನಿರ್ಮಲಮ್ಮನಿಗೆ ಅಲ್ಲಿಯೇ ಹೆಣ್ಣು ಮಗು ಸುಸೂತ್ರವಾಗಿ ಹುಟ್ಟಿತು. ಆ ವರ್ಷ ಸುತ್ತಲ ಹಳ್ಳಿಗಳ ಎಷ್ಟೋ ಹೆಂಗಸರು ಅಲ್ಲಿಗೆ ಬಂದು, ಕೂಸನ್ನು ಎತ್ತಿಕೊಂಡು ನಡೆದೇ ಮನೆಗೆ ಹೋದರು. ಓವರ್‌ಸಿಯರ್ ಮನುಷ್ಯನಾದರೆಂದು ನಾನೂ ನಂಬಿದೆ.

ನಮ್ಮ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಹುಚ್ಚರಾಯಪ್ಪ ಪೇಡೆ ಹಿಡಿದುಕೊಂಡು ಬಂದ. ಪೇಡೆಯ ಜೊತೆಗೆ ತಪಾಸಣೆಯ ಕಾಗದವನ್ನೂ ತಂದಿದ್ದ. ಆನವಟ್ಟಿ ಕಡೆ ಅವನು ಕಟ್ಟುತ್ತಿದ್ದ ಹೊಸ ಶಾಲೆಯದು. ಶಾಂತವೀರಪ್ಪನವರು ಒಂದು ಪೇಡೆ ಮುರಿದು ನೋಡಿ ಬಾಯಿಗೆ ಹಾಕಿಕೊಂಡು, ಜೇಬಿನಿಂದ ಪೆನ್ನು ತೆಗೆದರು.

"ಹೋಗಿ ನೋಡಿ ಬಂದ್ರಾ?" ಎಂದು ಅತ್ತಿಗೆ ಕೇಳಿದರು.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಶಾಲೆ ರೀ ಅಮ್ಮಾರೆ. ನಮ್ಮ ಕೂಸು ಇನ್ನೂ ತೊಟ್ಟಿಲದಾಗೈತಲ್ರಿ" ಎಂದು ಸೈ ಹಾಕಿದರು.